ಟೀವಿಯ ಹಳ್ಳಿ, ನಮ್ಮ ಹಳ್ಳಿ



2010ರಲ್ಲಿ ಸುವರ್ಣ ವಾಹಿನಿಯಲ್ಲಿ 'ಪ್ಯಾಟೆ ಹುಡ್ಗೀರ್ ಹಳ್ಳಿ ಲೈಫು' ಎಂಬ ರಿಯಾಲಿಟಿ ಶೋ ಬಂತು. ಸುಖವಾಗಿ ಬೆಳೆದ ಪೇಟೆ ಹುಡುಗಿಯರು ಹಳ್ಳಿ ಕೆಲಸಕ್ಕೆ ಪರದಾಡುವುದು, ಅಳುವುದು, ಜಗಳ ಆಡುವುದು ಅದರ ತಿರುಳು. ಆಮೇಲೆ 'ಹಳ್ಳಿ ಹೈದ ಪ್ಯಾಟೆಗ್ ಬಂದ' ಬಂತು. ಅದರಲ್ಲಿ ಗೆದ್ದ ರಾಜೇಶ್ ನಮ್ಮ ಪಕ್ಕದ ಹೆಗ್ಗಡದೇವನಕೋಟೆ ತಾಲ್ಲೂಕಿನ ಹಾಡಿಯ ಹುಡುಗ. ಸಿನಿಮಾದಲ್ಲೂ ನಟಿಸಿದ. 2013ರಲ್ಲಿ ಮೈಸೂರಿನಲ್ಲಿ ಕಟ್ಟಡದಿಂದ ಬಿದ್ದು ತೀರಿಹೋದ. ಶೋನಿಂದಲೇ ಹೀಗಾಯ್ತು ಅಂತ ನಾವು ಹೇಳುವುದಿಲ್ಲ. ಆದರೆ ಕ್ಯಾಮೆರಾ ಹೋದ ಮೇಲೂ ಮಕ್ಕಳಿಗೆ ಮನೆಯ, ಊರಿನ ಆಸರೆ ಬೇಕು.

ಇಂಥ ಶೋ ನಡೆಯುವುದು ಹೇಗೆ? ದಿನಗಟ್ಟಲೆ ಚಿತ್ರೀಕರಣ ಮಾಡಿ, ಕತ್ತರಿಸಿ, ಒಂದು ಗಂಟೆಗೆ ಇಳಿಸುತ್ತಾರೆ. ಸುಮ್ಮನೆ ಕೆಲಸ ಮಾಡಿದ್ದು ಹೋಗುತ್ತದೆ, ಜಗಳ ಉಳಿಯುತ್ತದೆ. ನೋಡುವವರು ಹೆಚ್ಚಾದಷ್ಟೂ ಜಾಹೀರಾತಿನ ದರ ಏರುತ್ತದೆ. ಅಂದರೆ ನಾವು ನೋಡುವ ಹೊತ್ತೇ ಅವರ ಬಂಡವಾಳ.

ನಾವು ಬೆಳಗ್ಗೆ ಎದ್ದು ಮಾಡುವ ಕೆಲಸ ಅಲ್ಲಿ ಶಿಕ್ಷೆಯಂತೆ ಕಾಣುತ್ತದೆ. ಅದನ್ನು ನೋಡಿದ ಮಗಳಿಗೆ ಅಮ್ಮನ ಸಗಣಿ ಕೈ ನಾಚಿಕೆ ಆಗಬಾರದು. ಹಟ ಮಾಡಿದರೆ ಎಲ್ಲಾ ಸಿಗುತ್ತದೆ ಅಂತ ಮಗ ಕಲಿಯಬಾರದು. ಅವನ ಹೊಸ ಮೊಬೈಲಿಗೆ ಸಂಘದ ಸಾಲ ಎತ್ತಿದರೆ, ಕಂತು ಕಟ್ಟುವುದು ನಿಮ್ಮ ಕೂಲಿ ದುಡ್ಡು.

ಟೀವಿ ಆರಿಸಿ ಅನ್ನುವುದಿಲ್ಲ. ಮಕ್ಕಳ ಪಕ್ಕ ಕೂತು ನೋಡಿ, ಕೇಳಿ: "ಇದರಲ್ಲಿ ದುಡ್ಡು ಯಾರಿಗೆ ಹೋಯ್ತು? ನಗು ಯಾರ ಮೇಲೆ?" ಮನೆಯ ಖರ್ಚು ಸಾಲದ ಲೆಕ್ಕವನ್ನು ಅವರ ಕೈಯಲ್ಲೇ ಬರೆಸಿ. ಮುಂದಿನ ವಾರದ ಸಭೆಯಲ್ಲಿ ಇದನ್ನೇ ಚರ್ಚಿಸೋಣ.