ರ‍್ಯಾಂಕ್ ಬಂತು, ಸೀಟು ಬರುತ್ತಾ?

ಸಿಇಟಿ ಫಲಿತಾಂಶ ಬಂತು ಅಂದ್ರೆ ನಮ್ಮ ಫೋನ್ ಇನ್ ಕಾರ್ಯಕ್ರಮಕ್ಕೆ ಬರೋ ಪ್ರಶ್ನೆ ಒಂದೇ. "ಸಾರ್, ಮಗಳಿಗೆ ಇಷ್ಟು ಅಂಕ ಬಂದಿದೆ, ಕಂಪ್ಯೂಟರ್ ಸೈನ್ಸ್ ಸಿಗುತ್ತಾ?" ಶ್ರವಣಬೆಳಗೊಳದ ಪಕ್ಕದ ಜಿನನಾಥಪುರದಿಂದ ಕರೆ ಮಾಡಿದ ರೈತರೊಬ್ಬರು ಇನ್ನೂ ಒಂದು ಮಾತು ಸೇರಿಸಿದ್ರು. "ಹಾಸನದಲ್ಲೇ ಸಿಗುತ್ತೆ ಅಂದ್ರೆ ಸರಿ. ಬೆಂಗಳೂರಿಗೆ ಕಳಿಸಬೇಕು ಅಂದ್ರೆ ತೋಟದ ಮೇಲೆ ಸಾಲಕ್ಕೆ ಈಗಲೇ ಓಡಾಡಬೇಕು." ಮೂವತ್ತು ಸೆಕೆಂಡಿನಲ್ಲಿ ಇದಕ್ಕೆ ಉತ್ತರ ಹೇಳಕ್ಕಾಗಲ್ಲ. ನಾನೂ ಇಂಜಿನಿಯರಿಂಗ್ ಓದಿ ಈ ಕುರ್ಚಿಗೆ ಬಂದವನು. ಲೆಕ್ಕ ಬಿಡಿಸದೆ ಸಮಾಧಾನ ಇಲ್ಲ. ಬನ್ನಿ, ಬಿಡಿಸೋಣ.

ಮೊದಲು ರ‍್ಯಾಂಕ್ ಹುಟ್ಟೋದು ಹೇಗೆ ಅಂತ ನೋಡಿ. ಇಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಸಿಇಟಿ, ಅರ್ಧ ದ್ವಿತೀಯ ಪಿಯುಸಿ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಮೂರೂ ಸೇರಿ 300 ಅಂಕ. ಸಿಇಟಿಯಲ್ಲಿ ಇದೇ ಮೂರು ವಿಷಯಕ್ಕೆ ತಲಾ 60ರಂತೆ 180 ಅಂಕ. ಒಬ್ಬ ಹುಡುಗನಿಗೆ ಪಿಯುಸಿಯಲ್ಲಿ 270, ಸಿಇಟಿಯಲ್ಲಿ 90 ಬಂತು ಅಂದುಕೊಳ್ಳಿ. 45 ಮತ್ತು 25, ಒಟ್ಟು 70. ಪಕ್ಕದ ಮನೆ ಹುಡುಗಿಗೆ ಪಿಯುಸಿಯಲ್ಲಿ 240, ಸಿಇಟಿಯಲ್ಲಿ 110. ಅಲ್ಲಿಗೆ 40 ಮತ್ತು 30.55, ಒಟ್ಟು 70.55. ಪಿಯುಸಿಯಲ್ಲಿ 30 ಅಂಕ ಹಿಂದಿದ್ದರೂ ಅವಳೇ ಮುಂದೆ! ಯಾಕೆಂದರೆ ಸಿಇಟಿಯ ಒಂದು ಅಂಕ ಪಿಯುಸಿಯ ಸುಮಾರು ಒಂದೂಮುಕ್ಕಾಲು ಅಂಕದಷ್ಟು ತೂಗುತ್ತೆ. ತಪ್ಪು ಉತ್ತರಕ್ಕೆ ಅಂಕ ಕಡಿತವೂ ಇಲ್ಲ. ಮುಂದಿನ ವರ್ಷ ಬರೆಯೋ ಮಕ್ಕಳು ಇದನ್ನ ನೆನಪಿಟ್ಟುಕೊಳ್ಳಿ, ಒಂದು ಪ್ರಶ್ನೆಯನ್ನೂ ಖಾಲಿ ಬಿಡಬೇಡಿ.

ಇನ್ನು ಎರಡನೇ ಮಾತು. "ಇಷ್ಟು ಅಂಕಕ್ಕೆ ಇಷ್ಟೇ ರ‍್ಯಾಂಕ್" ಅಂತ ಮೊಬೈಲಲ್ಲಿ ಹೇಳೋರನ್ನು ಪೂರ್ತಿ ನಂಬಬೇಡಿ. ಪ್ರಶ್ನೆಪತ್ರಿಕೆ ಸುಲಭ ಆದ ವರ್ಷ ಅದೇ ಅಂಕಕ್ಕೆ ರ‍್ಯಾಂಕ್ ಸಾವಿರಗಟ್ಟಲೆ ಕೆಳಗೆ ಹೋಗಬಹುದು. ನಿಯಮಗಳೂ ಒಂದೇ ಥರ ಇರಲ್ಲ. 2021ರಲ್ಲಿ ಕೋವಿಡ್‌ನಿಂದ ಪಿಯುಸಿ ಪರೀಕ್ಷೆಯೇ ನಡೆಯಲಿಲ್ಲ, ರ‍್ಯಾಂಕ್ ಬರೀ ಸಿಇಟಿ ಅಂಕದ ಮೇಲೆ ನಿಂತಿತ್ತು. 2022ರಲ್ಲಿ ಆ ಬ್ಯಾಚಿನ ಪುನರಾವರ್ತಿತ ವಿದ್ಯಾರ್ಥಿಗಳು ತಮ್ಮ ಪಿಯುಸಿ ಅಂಕ ಪರಿಗಣಿಸಿಲ್ಲ ಅಂತ ಹೈಕೋರ್ಟಿಗೆ ಹೋದರು, ರ‍್ಯಾಂಕ್ ಪಟ್ಟಿಯನ್ನೇ ಮತ್ತೆ ಹಾಕಬೇಕಾಯಿತು. 2024ರಲ್ಲಿ ಪಠ್ಯಕ್ರಮದಲ್ಲಿಲ್ಲದ ಪ್ರಶ್ನೆ ಬಂದವು ಅಂತ ಗಲಾಟೆಯಾಗಿ 50 ಪ್ರಶ್ನೆಗಳನ್ನು ಕೈಬಿಟ್ಟರು. ಹೀಗಿರುವಾಗ ಒಂದು ವರ್ಷದ ಅಂಕವನ್ನು ಇನ್ನೊಂದು ವರ್ಷದ ಅಂಕದ ಪಕ್ಕ ಇಟ್ಟು ನೋಡಿದರೆ ಏನು ಪ್ರಯೋಜನ? ಹೋಲಿಸೋದಾದ್ರೆ ರ‍್ಯಾಂಕಿಗೆ ರ‍್ಯಾಂಕ್ ಹೋಲಿಸಿ.

ಅದಕ್ಕೆ ಇರೋದು ಕಟ್ ಆಫ್ ಪಟ್ಟಿ. ಕಳೆದ ವರ್ಷ ಯಾವ ಕಾಲೇಜಿನ ಯಾವ ಬ್ರಾಂಚಿನಲ್ಲಿ ಕೊನೆಯ ಸೀಟು ಯಾವ ರ‍್ಯಾಂಕಿಗೆ ಹೋಯಿತು ಅನ್ನೋದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದ್ರೆ ಕೆಇಎ ವೆಬ್‌ಸೈಟಿನಲ್ಲೇ ಸಿಗುತ್ತೆ. ಆದರೆ ಓದೋವಾಗ ಎರಡು ಎಚ್ಚರ. ಒಂದು, ಯಾವ ಸುತ್ತಿನ ಪಟ್ಟಿ ಅಂತ ನೋಡಿ. ಮೊದಲ ಸುತ್ತಿನಲ್ಲಿ ಸಿಗದ ಸೀಟು ಕೊನೆಯ ಸುತ್ತಿನಲ್ಲಿ ಸಿಗೋದುಂಟು. ಎರಡು, ನಿಮ್ಮ ಕಾಲಂ ಯಾವುದು ಅಂತ ನೋಡಿ. ಜಿಎಂ ಅಂದ್ರೆ ಸಾಮಾನ್ಯ. ಕೊನೆಯಲ್ಲಿ 'ಆರ್' ಇದ್ದರೆ ಗ್ರಾಮೀಣ, 'ಕೆ' ಇದ್ದರೆ ಕನ್ನಡ ಮಾಧ್ಯಮ. 2ಎಆರ್ ಅಂದ್ರೆ 2ಎ ಪ್ರವರ್ಗದ ಗ್ರಾಮೀಣ ಸೀಟು. ಜಿಎಂ ಕಾಲಂ ನೋಡಿ ಎದೆ ಒಡೆದುಕೊಂಡವರು 'ಆರ್' ಕಾಲಂ ಕಡೆ ತಿರುಗಿಯೂ ನೋಡಿರಲ್ಲ.

ಜಿನನಾಥಪುರದಂಥ ಊರಿನವರಿಗೆ ಇದು ತುಂಬಾ ಮುಖ್ಯ ಕಣ್ರೀ. ಪ್ರತಿ ಪ್ರವರ್ಗದೊಳಗೆ ಶೇಕಡ 15 ಗ್ರಾಮೀಣ, ಶೇಕಡ 5 ಕನ್ನಡ ಮಾಧ್ಯಮದವರಿಗೆ. ಗ್ರಾಮೀಣ ಮೀಸಲಾತಿ ಕೇಳೋದು ಮನೆ ವಿಳಾಸ ಅಲ್ಲ, ಶಾಲೆ ವಿಳಾಸ. ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರಬೇಕು. ಪಿಯುಸಿ ಚನ್ನರಾಯಪಟ್ಟಣದಲ್ಲೋ ಹಾಸನದಲ್ಲೋ ಓದಿದ್ದರೆ ತೊಂದರೆ ಇಲ್ಲ. ಆದರೆ ಮಗು ಹಳ್ಳಿ ಮನೆಯಲ್ಲೇ ಮಲಗಿ ಎದ್ದು, ಎಂಟನೇ ಕ್ಲಾಸಿಂದ ಸ್ಕೂಲ್ ವ್ಯಾನ್ ಹತ್ತಿ ಪಟ್ಟಣದ ಶಾಲೆಗೆ ಹೋಗಿದ್ದರೆ ಆ ಮೀಸಲಾತಿ ಹೋಯಿತು. ಅರ್ಹತೆ ಇದ್ದವರು ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ ಮೇಲುಸಹಿ ಹಾಕಿಸಬೇಕು, ಅರ್ಜಿಯಲ್ಲೂ ಆ ಕಲಂ ತುಂಬಿರಬೇಕು. ಇನ್ನೊಂದು, ಕುಟುಂಬದ ಆದಾಯ ಕಡಿಮೆ ಇರುವವರಿಗೆ ಬೋಧನಾ ಶುಲ್ಕ ವಿನಾಯಿತಿಯ ಸೂಪರ್‌ನ್ಯೂಮರರಿ ಸೀಟುಗಳೂ ಇವೆ. ಇವೂ ರ‍್ಯಾಂಕ್ ಪ್ರಕಾರವೇ ಹೋಗೋದು.

ಈಗ ಸೀಟು ಎಲ್ಲಿವೆ? ಹಾಸನದಲ್ಲೇ 1960ರಲ್ಲಿ ಶುರುವಾದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿದೆ, ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ, ಖಾಸಗಿಯವೂ ಇವೆ. ಸರ್ಕಾರಿ ಕಾಲೇಜಿನ ಶುಲ್ಕ ಕಡಿಮೆ. ಅನುದಾನಿತ ಕಾಲೇಜಿನಲ್ಲಿ ಕೆಲವು ಕೋರ್ಸು ಅನುದಾನಿತ, ಕೆಲವು ಅಲ್ಲ. ಒಂದೇ ಗೇಟು, ಶುಲ್ಕ ಬೇರೆ ಬೇರೆ. ಖಾಸಗಿ ಅನುದಾನರಹಿತ ಕಾಲೇಜಿನಲ್ಲಿ, ಅಲ್ಪಸಂಖ್ಯಾತ ಸಂಸ್ಥೆಗಳನ್ನು ಬಿಟ್ಟರೆ, ಒಪ್ಪಂದದ ಪ್ರಕಾರ ಶೇಕಡ 45 ಸಿಇಟಿಗೆ, 30 ಕಾಮೆಡ್-ಕೆಗೆ, 25 ಆಡಳಿತ ಮಂಡಳಿಗೆ. ಸಾಲ ಎಷ್ಟು ಬೇಕು ಅನ್ನೋದು ನಿಮ್ಮ ಸೀಟು ಇದರಲ್ಲಿ ಯಾವುದು ಅನ್ನೋದರ ಮೇಲೆ ಹೋಗುತ್ತೆ.

ಎಲ್ಲಕ್ಕಿಂತ ಹೆಚ್ಚು ಜನ ಎಡವೋದು ಆಪ್ಷನ್ ಎಂಟ್ರಿಯಲ್ಲಿ. ಕಂಪ್ಯೂಟರ್ ಕೆಲಸ ಮಾಡೋ ರೀತಿ ಬಹಳ ಸರಳ. ಒಂದನೇ ರ‍್ಯಾಂಕಿಂದ ಕೆಳಗೆ ಇಳೀತಾ ಬರುತ್ತೆ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿಂದ ನೋಡುತ್ತೆ. ಮೊದಲನೆಯದು ಖಾಲಿ ಇಲ್ವಾ, ಎರಡನೆಯದು. ಅದೂ ಇಲ್ವಾ, ಮೂರನೆಯದು. ಸಿಗದ ಕಾಲೇಜನ್ನು ಮೇಲೆ ಬರೆದಿದ್ದಕ್ಕೆ ಯಾವ ದಂಡವೂ ಇಲ್ಲ. "ದೊಡ್ಡದನ್ನ ಮೊದಲು ಹಾಕಿದ್ರೆ ಇದ್ದದ್ದೂ ಹೋಗುತ್ತೆ" ಅನ್ನೋದು ಸುಳ್ಳು. ಭಯಕ್ಕೆ ಸುಲಭದ ಕಾಲೇಜನ್ನು ಮೊದಲು ಹಾಕಿದ್ರೆ ಅದೇ ಸಿಗುತ್ತೆ, ಕೆಳಗಿನ ಒಳ್ಳೆಯದನ್ನು ಕಂಪ್ಯೂಟರ್ ನೋಡೋದೇ ಇಲ್ಲ. ಆದ್ದರಿಂದ ಆಸೆಯ ಕ್ರಮದಲ್ಲಿ ಬರೆಯಿರಿ, ಕೊನೆಯಲ್ಲಿ ಖಂಡಿತ ಸಿಗೋ ನಾಲ್ಕಾರನ್ನು ಸೇರಿಸಿ. ಅಣಕು ಸೀಟು ಹಂಚಿಕೆ ಬರುತ್ತಲ್ಲ, ಅದು ಪಟ್ಟಿ ತಿದ್ದಿಕೊಳ್ಳೋಕೆ ಕೊಡೋ ಅವಕಾಶ.

ಸೀಟು ಹಂಚಿಕೆಯಾದ ಮೇಲೆ ನಾಲ್ಕು ದಾರಿ. ಚಾಯ್ಸ್ ಒಂದು, ಒಪ್ಪಿ ಸೇರೋದು. ಎರಡು, ಇದನ್ನು ಹಿಡ್ಕೊಂಡೇ ಮೇಲಿನದಕ್ಕೆ ಕಾಯೋದು. ಮೂರು, ಇದನ್ನು ಬಿಟ್ಟು ಮುಂದಿನ ಸುತ್ತಿಗೆ ಹೋಗೋದು. ನಾಲ್ಕು, ಪೂರ್ತಿ ಹೊರಗೆ. ಎರಡನೆಯದರಲ್ಲಿ ಒಂದು ಸೂಕ್ಷ್ಮ ಇದೆ. ಮೇಲಿನ ಆಪ್ಷನ್ ಸಿಕ್ಕಿದರೆ ಹಳೇ ಸೀಟು ತಾನಾಗೇ ಹೋಗುತ್ತೆ, ವಾಪಸ್ ಬೇಕು ಅಂದ್ರೆ ಬರಲ್ಲ. ನಿಜವಾಗಿ ಬೇಡದ ಕಾಲೇಜು ಪಟ್ಟಿಯ ಮೇಲ್ಗಡೆ ಇರಬಾರದು ಅನ್ನೋದು ಇದಕ್ಕೇ. ಈ ವರ್ಷದ ಶುಲ್ಕದ ಷರತ್ತು ಕೆಇಎ ಸೂಚನೆಯಲ್ಲಿ ಓದಿಕೊಂಡೇ ಗುಂಡಿ ಒತ್ತಿ.

ಇಲ್ಲಿ ದಲ್ಲಾಳಿಗಳ ವಿಷಯ ಹೇಳದೆ ಇರಕ್ಕಾಗಲ್ಲ. ಕ್ಯಾಪಿಟೇಶನ್ ಹಾವಳಿ ತಡೆಯೋಕೆ ಅಂತ 1984ರಲ್ಲೇ ಕಾನೂನು ಬಂತು. 1993ರ ಉನ್ನಿಕೃಷ್ಣನ್ ತೀರ್ಪಿನ ಬೆನ್ನಿಗೆ 1994ರಲ್ಲಿ ಸಿಇಟಿ ಬಂತು. ಹಾಗಿದ್ದರೂ 2024ರ ಕೊನೆಯಲ್ಲಿ ಸೀಟ್ ಬ್ಲಾಕಿಂಗ್ ದೂರು ಬೆಂಗಳೂರಿನ ಮಲ್ಲೇಶ್ವರಂ ಪೊಲೀಸ್ ಠಾಣೆಗೆ ಹೋಯಿತು, ಬಂಧನಗಳೂ ಆದವು. ಒಳ್ಳೇ ರ‍್ಯಾಂಕ್ ಬಂದು ಬೇರೆ ಕಡೆ ಸೇರಿದವರ ಲಾಗಿನ್ ಬಳಸಿ ಬೇಡಿಕೆಯ ಸೀಟು ಹಿಡಿಯೋದು, ಕೊನೆಗೆ ಸೇರದೆ ಖಾಲಿ ಬಿಡೋದು, ಆ ಸೀಟು ಆಡಳಿತ ಮಂಡಳಿಯ ಕೈಗೆ ಹೋಗೋದು. ನಷ್ಟ ಯಾರಿಗೆ? ಮುಂದಿನ ರ‍್ಯಾಂಕಿನಲ್ಲಿ ಕಾಯ್ತಾ ಕೂತ ಹಳ್ಳಿ ಹುಡುಗಿಗೆ. ನಿಮ್ಮ ಮಗುವಿನ ಲಾಗಿನ್, ಪಾಸ್‌ವರ್ಡ್, ಒಟಿಪಿ ಯಾರಿಗೂ ಕೊಡಬೇಡಿ. ಸೈಬರ್ ಸೆಂಟರಲ್ಲಿ ತುಂಬಿಸಿದರೂ ಪಾಸ್‌ವರ್ಡ್ ನಿಮ್ಮ ಕೈಯಲ್ಲೇ ಇರಲಿ. "ಸಿಇಟಿ ಸೀಟು ಮಾಡಿಸಿಕೊಡ್ತೀನಿ" ಅಂತ ದುಡ್ಡು ಕೇಳೋನು ಮೋಸಗಾರ. ಅಲ್ಲಿ ಮಾಡಿಸೋಕೆ ಏನೂ ಇಲ್ಲ, ರ‍್ಯಾಂಕ್ ಇದೆ, ಪಟ್ಟಿ ಇದೆ, ಅಷ್ಟೇ.

ಹಾಗಾದ್ರೆ ಜಿನನಾಥಪುರದ ಆ ಪ್ರಶ್ನೆಗೆ ಉತ್ತರ? ಮಗಳ ರ‍್ಯಾಂಕ್, ಅವಳ ಪ್ರವರ್ಗದ 'ಆರ್' ಮತ್ತು 'ಕೆ' ಕಾಲಂ, ಕಳೆದ ವರ್ಷದ ಮೊದಲ ಮತ್ತು ಕೊನೆಯ ಸುತ್ತು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆಯಿರಿ. ಕೊನೆಯ ಸುತ್ತಿನ ಕಟ್ ಆಫ್‌ಗಿಂತ ರ‍್ಯಾಂಕ್ ಚೆನ್ನಾಗಿದ್ದರೆ ಆಸೆ ಇಟ್ಟುಕೊಳ್ಳಬಹುದು. ಮೊದಲ ಸುತ್ತಿಗಿಂತಲೂ ಚೆನ್ನಾಗಿದ್ದರೆ ಧೈರ್ಯವಾಗಿರಬಹುದು. ಸೀಟು ಯಾವುದು ಅಂತ ಗೊತ್ತಾಗೋವರೆಗೆ ತೋಟದ ಪತ್ರ ಬೀರುವಿನಲ್ಲೇ ಇರಲಿ.