ಎಲ್ಫ್ ನುಡಿಯ ಗುಟ್ಟು ಕಲ್ಪತರು ನಾಡಿನ ಹೊಂಬಾಳೆಯಲ್ಲಿ

ಇಲ್ಲದ ಜನಾಂಗವೊಂದಕ್ಕೆ ಇಲ್ಲದ ಭಾಷೆಯೊಂದನ್ನು ಕಟ್ಟಿಕೊಡುವುದು ಹೇಗೆ? ಅದ್ಭುತ ಕಥಾಲೋಕವನ್ನು ಕನ್ನಡದಲ್ಲಿ ಸೃಷ್ಟಿಸಬಯಸುವ ಲೇಖಕರಿಗೆ ಎದುರಾಗುವ ಪ್ರಶ್ನೆಯಿದು. ಕಿವಿಗೆ ವಿಚಿತ್ರವೆನಿಸುವ ಹತ್ತಾರು ಹೆಸರುಗಳನ್ನು ಪೋಣಿಸಿದರೆ ಸಾಕೆಂಬ ಭಾವನೆ ಸಾಮಾನ್ಯ. ಆದರೆ ಪದಗಳ ಪಟ್ಟಿಯೇ ಭಾಷೆಯಲ್ಲ. ಪದಗಳನ್ನು ಕೂಡಿಸುವ ನಿಯಮ ಹಾಗೂ ಅವು ಸವೆದು ಬಂದ ಇತಿಹಾಸ, ಇವೆರಡೂ ಇದ್ದಾಗ ಮಾತ್ರ ಕಲ್ಪಿತ ಭಾಷೆಗೆ ಜೀವ ಬರುತ್ತದೆ. ಇದಕ್ಕೆ ಬೇಕಾದ ಪಾಠ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ತೋಟದಲ್ಲೇ ದೊರೆಯುತ್ತದೆ.

ಪ್ರಾಧ್ಯಾಪಕರ ಎರಡು ಭಾಷೆಗಳು

ಆಕ್ಸ್‌ಫರ್ಡ್‌ನಲ್ಲಿ ಪ್ರಾಚೀನ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಜೆ.ಆರ್.ಆರ್. ಟೋಲ್ಕಿನ್ (1892–1973) ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ (1954–55) ಕೃತಿಯಲ್ಲಿ ಎಲ್ಫ್‌ಗಳೆಂಬ ಅಮರ ಜನಾಂಗವಿದೆ. ನಮ್ಮ ಯಕ್ಷ, ಗಂಧರ್ವರ ದೂರದ ಬಂಧುಗಳೆಂದು ಇವರನ್ನು ಭಾವಿಸಬಹುದು. ಇವರಿಗಾಗಿ ಟೋಲ್ಕಿನ್ ಕ್ವೆನ್ಯ ಮತ್ತು ಸಿಂಡರಿನ್ ಎಂಬ ಎರಡು ಭಾಷೆಗಳನ್ನು ರೂಪಿಸಿದರು. ಮೊದಲನೆಯದಕ್ಕೆ ಫಿನ್ನಿಶ್, ಎರಡನೆಯದಕ್ಕೆ ವೆಲ್ಶ್ ಭಾಷೆ ಪ್ರೇರಣೆ.

ಕ್ವೆನ್ಯದಲ್ಲಿ ‘ಕಿರ್ಯ’ ಎಂದರೆ ಹಡಗು. ‘ಕಿರ್ಯನ್ನ’ ಎಂದರೆ ಹಡಗಿನೆಡೆಗೆ, ‘ಕಿರ್ಯಲ್ಲೊ’ ಹಡಗಿನಿಂದ, ‘ಕಿರ್ಯಸ್ಸೆ’ ಹಡಗಿನಲ್ಲಿ. ನಾಮಪದದ ಹಿಂದೆಯೇ ಪ್ರತ್ಯಯ ಅಂಟಿಕೊಳ್ಳುವ ಈ ಕ್ರಮ ಇಂಗ್ಲಿಷ್ ಓದುಗರಿಗೆ ಸೋಜಿಗ. ದಿನವೂ ‘ತೋಟಕ್ಕೆ, ತೋಟದಿಂದ, ತೋಟದಲ್ಲಿ’ ಎನ್ನುವ ಕನ್ನಡಿಗರಿಗೆ ಇದು ಮನೆಯ ಮಾತೇ ಸರಿ.

ಸಿಂಡರಿನ್‌ನಲ್ಲಿ ‘ಕಲೆನ್’ ಎಂದರೆ ಹಸಿರು. ಆದರೆ ಹಸಿರು ಬಯಲಿಗೆ ‘ಪರ್ಥ್ ಗಲೆನ್’ ಎಂದು ಹೆಸರು. ಎರಡು ಪದ ಕೂಡಿದಾಗ ಕಕಾರ ಗಕಾರವಾಗಿದೆ. ಹುಲ್ಲು, ಕಾವಲು ಸೇರಿ ‘ಹುಲ್ಲುಗಾವಲು’ ಆಗುವುದನ್ನೂ ಮಳೆ, ಕಾಲ ಸೇರಿ ‘ಮಳೆಗಾಲ’ ಆಗುವುದನ್ನೂ ಆದೇಶ ಸಂಧಿಯೆಂದು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಕಾರಣಗಳು ಬೇರೆಯಾದರೂ ಕಿವಿಗೆ ಕೇಳುವ ಮಾರ್ಪಾಡು ಒಂದೇ.

ಹೊಂಬಾಳೆ ಹೇಳುವ ಇತಿಹಾಸ

ತೆಂಗಿನ ಹೂಗೊಂಚಲಿಗೆ ನಾವು ಹೊಂಬಾಳೆ ಎನ್ನುತ್ತೇವೆ. ಹೊನ್ನಿನ ಬಣ್ಣದ ಹಾಳೆ ಎಂಬುದು ಇದರ ಅರ್ಥ. ಹಾಗಾದರೆ ‘ಹೊಂಹಾಳೆ’ ಏಕಾಗಲಿಲ್ಲ? ಹಳಗನ್ನಡದಲ್ಲಿ ಹೊನ್ನು ‘ಪೊನ್’, ಹಾಳೆ ‘ಪಾಳೆ’. ಅಂದು ಕೂಡಿದ ಪದದಲ್ಲಿ ಪಕಾರ ಬಕಾರವಾಯಿತು. ಮುಂದೆ ಪದದ ಮೊದಲಲ್ಲಿದ್ದ ಪಕಾರಗಳು ಹಕಾರಗಳಾದವು. ನಡುವೆ ಸಿಕ್ಕಿಕೊಂಡ ಬಕಾರ ಮಾತ್ರ ಹಾಗೆಯೇ ಉಳಿಯಿತು. ‘ಹನಿ’ ಇದ್ದರೂ ನಾವು ‘ಕಂಬನಿ’ ಎನ್ನುವುದು ಇದೇ ಕಾರಣಕ್ಕೆ.

ಟೋಲ್ಕಿನ್ ಕೈಚಳಕವೂ ಇಂಥದ್ದೇ. ಮರಕ್ಕೆ ಕ್ವೆನ್ಯದಲ್ಲಿ ‘ಅಲ್ದ’, ಸಿಂಡರಿನ್‌ನಲ್ಲಿ ‘ಗಲಧ್’. ಎರಡಕ್ಕೂ ಒಂದೇ ಮೂಲರೂಪವನ್ನು ಕಲ್ಪಿಸಿ, ಕ್ವೆನ್ಯದಲ್ಲಿ ಮೊದಲ ಗಕಾರ ಬಿದ್ದುಹೋಯಿತೆಂದು ಅವರು ನಿಯಮಿಸಿದರು. ತಮಿಳಿನ ‘ಪಾಲ್’ ಮತ್ತು ಕನ್ನಡದ ‘ಹಾಲು’ ಒಂದೇ ಬೇರಿನವಾದಂತೆ ಇದು.

ಹೊಸ ಭಾಷೆ ಕಟ್ಟುವವರು ಈ ಮಾರ್ಗವನ್ನು ಅನುಸರಿಸಬಹುದು. ಉದಾಹರಣೆಗೆ, ‘ನೇಲ’ ಎಂದರೆ ಗರಿ, ‘ಪಿರ’ ಎಂದರೆ ಬೆಳಕು ಎಂದಿಟ್ಟುಕೊಳ್ಳೋಣ. ಎರಡೂ ಕೂಡಿ ‘ನೇಲಬಿರ’ ಆಗಲಿ. ಗರಿಗಳ ನಡುವೆ ಸೋಸಿ ಬರುವ ಬೆಳಕು ಎಂದು ಅದರ ಅರ್ಥವಿರಲಿ. ಬಳಿಕ ಕಾಲಕ್ರಮದಲ್ಲಿ ‘ಪಿರ’ವು ‘ಹಿರ’ ಆಯಿತೆಂದು ನಿಯಮ ಮಾಡಿದರೆ, ‘ನೇಲಬಿರ’ಕ್ಕೆ ತಾನಾಗಿಯೇ ಒಂದು ಪ್ರಾಚೀನತೆ ಬರುತ್ತದೆ.

ಇಬ್ಬರು ಶ್ರೀಕಂಠಯ್ಯರು

ಈ ಕೆಲಸಕ್ಕೆ ಬೇಕಾದ ಸಾಮಗ್ರಿ ಕನ್ನಡದಲ್ಲಿ ಹಿಂದಿನಿಂದಲೂ ಇದೆ. 13ನೇ ಶತಮಾನದ ಆಂಡಯ್ಯ ಸಂಸ್ಕೃತದ ತತ್ಸಮಗಳನ್ನು ಬಿಟ್ಟು ‘ಕಬ್ಬಿಗರ ಕಾವ’ ರಚಿಸಿ, ಪದಕೋಶಕ್ಕೆ ತಾನೇ ಗಡಿ ಹಾಕಿಕೊಂಡ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ 1884ರಲ್ಲಿ ಜನಿಸಿದ ಬಿ.ಎಂ. ಶ್ರೀಕಂಠಯ್ಯನವರು ಗ್ರೀಕ್ ದುರಂತ ನಾಟಕವೊಂದನ್ನು ಮಹಾಭಾರತದ ಕಥೆಗೆ ಒಗ್ಗಿಸಿ, ‘ಅಶ್ವತ್ಥಾಮನ್’ ನಾಟಕದ ಪಾತ್ರಗಳಿಗೆ ಹಳಗನ್ನಡವನ್ನು ನುಡಿಸಿದರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಜನಿಸಿದ ತೀ.ನಂ. ಶ್ರೀಕಂಠಯ್ಯನವರ ‘ಕನ್ನಡ ಮಧ್ಯಮ ವ್ಯಾಕರಣ’ವು ಸಂಧಿ, ವಿಭಕ್ತಿಗಳನ್ನು ವಿದ್ಯಾರ್ಥಿಗಳಿಗೆ ಸುಲಭವಾಗಿ ತಿಳಿಸಿಕೊಟ್ಟಿತು.

ನೆರೆಯ ತಮಿಳಿನ ಗೀತರಚನಕಾರ ಮದನ್ ಕಾರ್ಕಿ ‘ಬಾಹುಬಲಿ’ (2015) ಚಿತ್ರದ ಕಾಲಕೇಯರಿಗಾಗಿ ‘ಕಿಲಿಕಿ’ ಭಾಷೆ ರಚಿಸಿದಾಗ, ಸುಮಾರು 750 ಪದಗಳೊಡನೆ 40 ವ್ಯಾಕರಣ ನಿಯಮಗಳನ್ನೂ ರೂಪಿಸಿದ್ದರು. ನಿಯಮವಿಲ್ಲದೆ ಪದ ನಿಲ್ಲದೆಂಬ ಅರಿವು ಅಲ್ಲಿಯೂ ಇತ್ತು.

ಇಂದು ನಗರದ ಮಕ್ಕಳಲ್ಲಿ ಎಲ್ಫ್‌ಗಳ ಹೆಸರು ಬಲ್ಲವರು ಅನೇಕರಿದ್ದಾರೆ. ಆದರೆ ಗಿಟುಕು, ಕರಟ, ಮಟ್ಟೆ, ಹೊಂಬಾಳೆಗಳ ವ್ಯತ್ಯಾಸ ತಿಳಿದವರೆಷ್ಟು? ತೋಟದ ಮಾತು ಮರೆಯಾದರೆ, ಹೊಸ ಲೋಕಕ್ಕೆ ಭಾಷೆ ಕಟ್ಟುವಾಗ ಮಾದರಿಗೆಂದು ನಾವು ಇಂಗ್ಲಿಷ್ ಪುಸ್ತಕಗಳ ಮುಂದೆಯೇ ನಿಲ್ಲಬೇಕಾದೀತು. ಎಲ್ಫ್ ನುಡಿಗೆ ಬೆರಗಾಗುವ ಮಕ್ಕಳಿಗೆ ಹಿರಿಯರು ಹೊಂಬಾಳೆಯ ಬಕಾರದ ಕಥೆಯನ್ನೂ ಹೇಳಲಿ. ಕನ್ನಡದ ಮುಂದಿನ ಅದ್ಭುತ ಕಥೆಗೆ ಅದು ಒಳ್ಳೆಯ ಮೊದಲ ಪಾಠವಾದೀತು.