ದಸರಾ ಗೊಂಬೆ ಸಂಗ್ರಹ ಹಾಗೂ ಗೊಂಬೆ ಮನೆ: ಹೊಸದಾಗಿ ಆರಂಭಿಸುವವರಿಗೆ ಮಾಹಿತಿ

ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಪದ್ಧತಿಯು ಹಳೆಯ ಮೈಸೂರು ಭಾಗದ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿರುತ್ತದೆ. ಉದ್ಯೋಗ ನಿಮಿತ್ತ ಗೊರಗುಂಟೆಪಾಳ್ಯ, ಪೀಣ್ಯ, ಯಶವಂತಪುರ ಮುಂತಾದೆಡೆ ನೆಲೆಸಿದ ಕುಟುಂಬಗಳಲ್ಲಿ ಗೊಂಬೆಗಳ ಪೆಟ್ಟಿಗೆಯು ಊರಿನಲ್ಲಿಯೇ ಉಳಿದು, ಸ್ಥಳದ ಅಭಾವದಿಂದ ಈ ರೂಢಿಯು ನಿಂತುಹೋಗಿರುವುದುಂಟು. ಸಣ್ಣ ಮನೆಯಲ್ಲಿಯೂ ಇದನ್ನು ಆರಂಭಿಸಲು ಇಚ್ಛಿಸುವ ನಾಗರಿಕರ ಅನುಕೂಲಕ್ಕಾಗಿ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

1. ಮೊದಲು ಯಾವ ಗೊಂಬೆ?

ರಾಜ–ರಾಣಿಯರ ಜೋಡಿಯಾದ ಪಟ್ಟದ ಗೊಂಬೆಗಳೇ ಸಂಗ್ರಹಕ್ಕೆ ಮೂಲ. ಮದುವೆಯಲ್ಲಿ ಮಗಳಿಗೆ ತವರಿನವರು ಇವನ್ನು ಕೊಡುವುದು ವಾಡಿಕೆ. ಮನೆಯಲ್ಲಿ ಹಳೆಯ ಜೋಡಿ ಇದ್ದಲ್ಲಿ ಹೊಸದನ್ನು ಕೊಳ್ಳುವ ಅಗತ್ಯವಿರುವುದಿಲ್ಲ. ಇಲ್ಲದವರು ಒಂದು ಜೋಡಿಯಿಂದ ಆರಂಭಿಸಿ, ಪ್ರತಿವರ್ಷ ಒಂದೆರಡು ಗೊಂಬೆಗಳನ್ನು ಸೇರಿಸುತ್ತ ಹೋಗಬಹುದು. ಮೆಟ್ಟಿಲುಗಳು 3, 5, 7 ಅಥವಾ 9 ಹೀಗೆ ಬೆಸ ಸಂಖ್ಯೆಯಲ್ಲಿರುವುದು ರೂಢಿ. ಮೂರು ಮೆಟ್ಟಿಲಿಗೆ ಒಂದು ಸಣ್ಣ ಮೇಜು ಸಾಕು.

2. ರಾಜ್ಯದ ಪ್ರಮುಖ ಗೊಂಬೆಗಳು

• ಚನ್ನಪಟ್ಟಣದ ಗೊಂಬೆ: ಹಾಲೆ ಮರವನ್ನು ಚರಕಿಯಲ್ಲಿ ತಿರುಗಿಸಿ ಕಡೆದು, ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯಲಾಗುತ್ತದೆ. ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಆದಕಾರಣ ಇವುಗಳ ಮೇಲೆ ಸಾಮಾನ್ಯವಾಗಿ ಕುಂಚದ ಗೆರೆ ಕಾಣದು. ಆಕಾರವೂ ಹೆಚ್ಚಾಗಿ ಗುಂಡಗಿರುತ್ತದೆ.
• ಕಿನ್ನಾಳದ ಗೊಂಬೆ: ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರ ಕುಟುಂಬದವರು ಹಗುರ ಮರದಿಂದ ತಯಾರಿಸುತ್ತಾರೆ. ಹುಣಸೆ ಬೀಜದ ಅಂಟನ್ನು ಬಳಸಿ ಮೇಲ್ಮೈಯನ್ನು ಸಿದ್ಧಪಡಿಸಿ ಬಣ್ಣ ಬರೆಯಲಾಗುತ್ತದೆ.

ಇವೆರಡೂ ಭೌಗೋಳಿಕ ಸೂಚಕ ಮಾನ್ಯತೆ ಪಡೆದಿರುತ್ತವೆ. ರಾಜ್ಯ ಕರಕುಶಲ ನಿಗಮದ ಕಾವೇರಿ ಮಳಿಗೆಗಳಲ್ಲಿ ವಿಚಾರಿಸಬಹುದು. ಗೊರಗುಂಟೆಪಾಳ್ಯದಿಂದ ಮೆಟ್ರೋ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್ ತಲುಪಿ, ಅಲ್ಲಿಂದ ಮೈಸೂರು ಮಾರ್ಗದ ರೈಲಿನಲ್ಲಿ ಸುಮಾರು 60 ಕಿ.ಮೀ. ದೂರದ ಚನ್ನಪಟ್ಟಣಕ್ಕೆ ಹೋಗಿ ತಯಾರಕರಿಂದಲೇ ಖರೀದಿಸಬಹುದು. ಚನ್ನಪಟ್ಟಣದಲ್ಲಿ ಎಲ್ಲ ರೈಲುಗಳೂ ನಿಲ್ಲುವುದಿಲ್ಲವಾದ್ದರಿಂದ ವೇಳಾಪಟ್ಟಿ ನೋಡಿ ಹೊರಡುವುದು ಸೂಕ್ತ.

3. ಗೊಂಬೆ ಮನೆ ಕಟ್ಟುವುದು

ಸಾಮಾನ್ಯವಾಗಿ ಬಳಸುವ ಅಳತೆ 1:12, ಅಂದರೆ ನಿಜವಾದ ಒಂದು ಅಡಿಗೆ ಒಂದು ಅಂಗುಲ. 10 ಅಡಿ ಎತ್ತರದ ಕೋಣೆಯು 10 ಅಂಗುಲವಾಗುತ್ತದೆ. ಐದೂವರೆ ಅಡಿ ಆಳಿಗೆ ಐದೂವರೆ ಅಂಗುಲದ ಗೊಂಬೆ ಹೊಂದುತ್ತದೆ. ರಟ್ಟಿನ ಪೆಟ್ಟಿಗೆಯೇ ಮೊದಲ ಮನೆಯಾಗಬಹುದು. ತೊಟ್ಟಿ ಮನೆ, ಶೆಟ್ಟರ ಅಂಗಡಿ, ಅಡುಗೆ ಮನೆ ಮುಂತಾದ ಪರಿಚಿತ ದೃಶ್ಯಗಳನ್ನು ಆರಿಸಿಕೊಳ್ಳಬಹುದು. ತಟ್ಟೆಯಲ್ಲಿ ಮಣ್ಣು ಹರಡಿ ಕೆಲವು ದಿನ ಮುಂಚಿತವಾಗಿ ರಾಗಿ ಚೆಲ್ಲಿದರೆ ಹಬ್ಬದ ವೇಳೆಗೆ ಹಸಿರು ಹೊಲ ಸಿದ್ಧವಾಗುತ್ತದೆ.

4. ಸಂರಕ್ಷಣೆ

• ಅರಗಿನ ಗೊಂಬೆಗಳನ್ನು ಬಿಸಿಲು, ದೀಪ ಹಾಗೂ ಬಿಸಿ ನೀರಿನಿಂದ ದೂರವಿಡತಕ್ಕದ್ದು.
• ಕಿನ್ನಾಳದ ಹಾಗೂ ಮಣ್ಣಿನ ಗೊಂಬೆಗಳನ್ನು ನೀರಿನಿಂದ ತೊಳೆಯಕೂಡದು. ಒಣ ಕುಂಚದಿಂದ ಧೂಳು ತೆಗೆಯಬೇಕು.
• ಹಬ್ಬ ಮುಗಿದ ನಂತರ ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ತೇವ ನಿಲ್ಲುತ್ತದೆ.
• ಪ್ರತಿ ಗೊಂಬೆಯೂ ಯಾರಿಂದ, ಯಾವ ವರ್ಷ ಬಂದಿತೆಂದು ಪುಸ್ತಕದಲ್ಲಿ ಬರೆದಿಡುವುದು ಒಳಿತು. ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳದಿದ್ದರೆ, ಗೊಂಬೆ ಉಳಿದರೂ ಅದರ ಕಥೆ ಉಳಿಯುವುದಿಲ್ಲ.

5. ಗಮನಿಸಬೇಕಾದ ನಿಯಮಗಳು

• 2021ರ ಜನವರಿ 1ರಿಂದ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ನೋಂದಾಯಿತ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳಿಗೆ ವಿನಾಯಿತಿ ಇರುವುದರಿಂದ, ಗುರುತು ಇಲ್ಲವೆಂಬ ಒಂದೇ ಕಾರಣಕ್ಕೆ ಕರಕುಶಲ ಗೊಂಬೆಯನ್ನು ನಕಲಿಯೆಂದು ಭಾವಿಸಬಾರದು.
• ಹಳೆಯ ಪಟ್ಟದ ಗೊಂಬೆಗಳು ರಕ್ತಚಂದನದವಾಗಿರಬಹುದು. ಈ ಮರದ ಅಂತರರಾಷ್ಟ್ರೀಯ ಸಾಗಣೆಗೆ ನಿರ್ಬಂಧವಿರುತ್ತದೆ. ವಿದೇಶದಲ್ಲಿರುವ ಮಕ್ಕಳಿಗೆ ಕಳುಹಿಸುವ ಮುನ್ನ ಅರಣ್ಯ ಹಾಗೂ ಸುಂಕ ಅಧಿಕಾರಿಗಳಲ್ಲಿ ವಿಚಾರಿಸತಕ್ಕದ್ದು.
• ಆನೆ ದಂತದ ಗೊಂಬೆಗಳ ವ್ಯಾಪಾರವು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರನ್ವಯ ನಿಷೇಧಿತವಾಗಿರುತ್ತದೆ.

6. ನೋಡತಕ್ಕ ಸಂಗ್ರಹಗಳು

ಮೈಸೂರು ಅರಮನೆಯ ಗೊಂಬೆ ತೊಟ್ಟಿ ಹಾಗೂ ವ್ಯಂಗ್ಯಚಿತ್ರಕಾರ ಶಂಕರ್ ಅವರು 1965ರಲ್ಲಿ ದೆಹಲಿಯಲ್ಲಿ ಸ್ಥಾಪಿಸಿದ ಅಂತರರಾಷ್ಟ್ರೀಯ ಗೊಂಬೆ ವಸ್ತುಸಂಗ್ರಹಾಲಯವನ್ನು ಆಸಕ್ತರು ವೀಕ್ಷಿಸಬಹುದು. ಹಂಗೇರಿಯ ಒಂದು ಗೊಂಬೆಯು ಶಂಕರ್ ಅವರ ಸಂಗ್ರಹಕ್ಕೆ ಪ್ರೇರಣೆಯಾಯಿತು. ಆದ್ದರಿಂದ ಒಂದೇ ಗೊಂಬೆ ಇದೆಯೆಂದು ಯಾರೂ ಹಿಂಜರಿಯಬೇಕಾಗಿಲ್ಲ.